ಬಾಣಕ್ಕೆ ಗರಿ ಕಟ್ಟುವುದು ಹೀಗೆ

1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಶವವಾಗಿ ಸಿಕ್ಕ ಓಟ್ಸಿ ಎಂಬ ಪ್ರಾಚೀನ ಮನುಷ್ಯನ ಬತ್ತಳಿಕೆಯಲ್ಲಿ 14 ಬಾಣಗಳಿದ್ದವು. ಅವುಗಳಲ್ಲಿ ಗರಿ, ಮೊನೆ ಕೂರಿಸಿ ಮುಗಿಸಿದ್ದು ಎರಡು ಮಾತ್ರ. ಸುಮಾರು 5,300 ವರ್ಷ ಹಳೆಯ ಆ ಬಾಣಗಳ ಗರಿಗೆ ಅಂಟೂ ಇದೆ, ದಾರವೂ ಇದೆ. ಕೈಯಲ್ಲೇ ಬಾಣ ಮಾಡುವವರಿಗೆ ಈಗಲೂ ಇದೇ ಒಳ್ಳೆಯ ದಾರಿ.

ಹೆಬ್ಬಾತು ಅಥವಾ ಟರ್ಕಿ ಕೋಳಿಯ ರೆಕ್ಕೆಯ ಮೂರು ದೊಡ್ಡ ಗರಿ ತೆಗೆದುಕೊಳ್ಳಿ. ಮೂರೂ ಒಂದೇ ಕಡೆಯ ರೆಕ್ಕೆಯದಾಗಿರಬೇಕು. ಎಡ ರೆಕ್ಕೆಯ ಗರಿಯ ಬಾಗು ಬೇರೆ, ಬಲದ್ದು ಬೇರೆ. ಬೆರೆಸಿದರೆ ಒಂದು ಗರಿ ಬಾಣವನ್ನು ತಿರುಗಿಸುತ್ತದೆ, ಇನ್ನೊಂದು ತಡೆಯುತ್ತದೆ. ಬಾಣ ಗಿರ್ರನೆ ತಿರುಗಿದರೆ ತಾನೇ ನೆಟ್ಟಗೆ ಹೋಗುವುದು?

ಗರಿಯ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಅಗಲವಾದ ಪಕ್ಕವನ್ನು ಇಟ್ಟುಕೊಳ್ಳಿ. ಕಡ್ಡಿಯೊಳಗಿನ ಬಿಳಿ ಬೆಂಡನ್ನು ಕೆರೆದು, ಉಪ್ಪುಕಾಗದದಲ್ಲಿ ಉಜ್ಜಿ ಸಪಾಟು ಮಾಡಿ. ಕೋಲಿನ ಮೇಲಿಟ್ಟರೆ ಅಲ್ಲಾಡಬಾರದು. ಇಲ್ಲಿ ಆತುರ ಬೇಡ. ಜಾಸ್ತಿ ಕೆರೆದರೆ ಕಡ್ಡಿ ಹರಿದು ಎಳೆಗಳು ಉದುರುತ್ತವೆ. ಎರಡೂ ತುದಿಯಲ್ಲಿ ಒಂದೊಂದು ಸೆಂಟಿಮೀಟರ್ ಎಳೆ ಕಿತ್ತು, ಕಟ್ಟಲು ಬರೀ ಕಡ್ಡಿ ಬಿಡಿ.

ಓಟ್ಸಿಯ ಅಂಟು ಬರ್ಚ್ ಮರದ ತೊಗಟೆಯಿಂದ ಇಳಿಸಿದ ಕಪ್ಪು ಟಾರು. ನಮಗೆ ರಾಳ ಸಾಕು. ಸಣ್ಣ ಉರಿಯಲ್ಲಿ ಕರಗಿಸಿ, ಸ್ವಲ್ಪ ಜೇನುಮೇಣ, ಚಿಟಿಕೆ ಇದ್ದಿಲ ಪುಡಿ ಸೇರಿಸಿ. ಮೇಣವಿಲ್ಲದ ರಾಳ ಬಿರುಕು ಬಿಡುತ್ತದೆ. ರಾಳಕ್ಕೆ ಬೇಗ ಬೆಂಕಿ ಹತ್ತುತ್ತದೆ, ಹತ್ತಿರವೇ ಇರಿ.

ಕೋಲಿಗೆ ತೆಳುವಾಗಿ ಅಂಟು ಸವರಿ, ಗರಿಯ ಬುಡ ಬಾಣದ ಮೊನೆಯ ಕಡೆಗೆ ಬರುವಂತೆ ಕೂರಿಸಿ. ಹೆದೆ ಕೂರುವ ಕಚ್ಚಿನ ಹತ್ತಿರ ಬೆರಳಿಗೆ ಎರಡು ಮೂರು ಸೆಂಟಿಮೀಟರ್ ಜಾಗ ಇರಲಿ. ಮೂರೂ ಸಮ ದೂರದಲ್ಲಿರಬೇಕು. ಒಂದು ಗರಿ ಕಚ್ಚಿಗೆ ಅಡ್ಡವಾಗಿ, ಬಿಲ್ಲಿನಿಂದ ಆಚೆಗೆ ಮುಖ ಮಾಡಿ ನಿಲ್ಲಲಿ. ಆಗ ಉಳಿದೆರಡು ಬಿಲ್ಲಿಗೆ ಅಷ್ಟಾಗಿ ತಾಗುವುದಿಲ್ಲ.

ಈಗ ದಾರ. ಓಟ್ಸಿಯದು ತುರಚೆ ಗಿಡದ ನಾರು, ನಮಗೆ ತೆಳು ರೇಷ್ಮೆ ದಾರ ಸಾಕು. ಮುಂದಿನ ತುದಿಯನ್ನು ಬಿಗಿಯಾಗಿ ಕಟ್ಟಿ ಹಿಂದಕ್ಕೆ ಸುರುಳಿ ಸುತ್ತುತ್ತಾ ಬನ್ನಿ. ಪ್ರತಿ ಸುತ್ತಿಗೂ ಸೂಜಿಯಿಂದ ಎಳೆಗಳನ್ನು ಬಿಡಿಸಿ, ದಾರವನ್ನು ಸಂದಿಗೆ ಇಳಿಸಿ. ಆಮೇಲೆ ಬೆರಳಿನಿಂದ ಮೆಲ್ಲಗೆ ಸವರಿ ನೋಡಿ. ಬಿಟ್ಟುಹೋದ ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ, ದಾರ ಕಾಣುವುದೇ ಇಲ್ಲ! ಓಟ್ಸಿಯ ಎರಡು ಬಾಣಗಳಲ್ಲಿ ದಾರ ಸುತ್ತಿದ ದಿಕ್ಕು ಬೇರೆ ಬೇರೆ. ಒಂದು ಎಡಗೈಯವರ ಕೆಲಸ ಇರಬೇಕು ಎಂದು ಸಂಶೋಧಕರು ಊಹಿಸಿದ್ದಾರೆ. ನಿಮ್ಮ ಕೈಗೆ ಒಗ್ಗುವ ದಿಕ್ಕಿನಲ್ಲೇ ಸುತ್ತಿ.

ಹಿಂದಿನ ತುದಿಗೆ ಗಂಟು ಹಾಕಿ, ಎರಡೂ ಕಟ್ಟಿನ ಮೇಲೆ ಅಂಟು ಸವರಿ. ಗರಿಯ ಅಂಚನ್ನು ಕತ್ತರಿಯಲ್ಲಿ ಸಮ ಮಾಡಿ, ಒಂದು ರಾತ್ರಿ ಹಾಗೇ ಬಿಡಿ.