ಆಫೀಸಿನ ಕಂಪ್ಯೂಟರಿಗೆ ರಾನ್ಸಮ್‌ವೇರ್ ಹೊಕ್ಕಿದ್ಯಾ? ಫಾರ್ಮ್ಯಾಟ್ ಆಮೇಲೆ, ಮೊದಲು ಇಷ್ಟು ಮಾಡಿ

ನಮ್ಮ ಕಾಸರಗೋಡಿನ ಬದಿಯಡ್ಕದಲ್ಲೋ ಉಪ್ಪಳದಲ್ಲೋ ಒಂದು ಅಡಿಕೆ ಅಂಗಡಿ ಅಂತ ಇಟ್ಕೊಳ್ಳಿ. ಬೆಳಿಗ್ಗೆ ಸಿಸ್ಟಮ್ ಆನ್ ಮಾಡಿದ್ರೆ ಲೆಕ್ಕ ಬರೆಯುವ ಟ್ಯಾಲಿ ಓಪನ್ ಆಗ್ತಾ ಇಲ್ಲ, ಫೈಲುಗಳ ಹೆಸರಿನ ಕೊನೆಗೆ ಎಂತದೋ ಅರ್ಥ ಇಲ್ಲದ ಅಕ್ಷರ ಸೇರಿಕೊಂಡಿದೆ, ಪ್ರತಿ ಫೋಲ್ಡರಿನಲ್ಲೂ ದುಡ್ಡು ಕೇಳುವ ಒಂದು ಚೀಟಿ. ಹೀಗೆ ಫೈಲುಗಳಿಗೆ ಬೀಗ ಹಾಕಿ ಬಿಡಿಸ್ಲಿಕ್ಕೆ ದುಡ್ಡು ಕೇಳುವ ಪ್ರೋಗ್ರಾಮೇ ರಾನ್ಸಮ್‌ವೇರ್. ಆಗ ಹೆಚ್ಚಿನವರು ಮಾಡುವುದು ಒಂದೇ, ರಿಪೇರಿ ಹುಡುಗನಿಗೆ ಫೋನ್ ಹಾಕಿ "ಬೇಗ ಬಂದು ಫಾರ್ಮ್ಯಾಟ್ ಹೊಡಿ ಮಾರಾಯ" ಅನ್ನುವುದು. ದಯವಿಟ್ಟು ಬೇಡ. ಫಾರ್ಮ್ಯಾಟ್ ಹೊಡೆದ್ರೆ ಕಳ್ಳ ಯಾವ ಬಾಗಿಲಿಂದ ಬಂದ ಅಂತ ಗೊತ್ತಾಗುವುದಿಲ್ಲ, ಬಾಗಿಲು ಹಾಗೇ ತೆರೆದಿರ್ತದೆ.

ಮೊದಲು ಲ್ಯಾನ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ, ಬ್ಯಾಕಪ್ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದರೆ ಅದನ್ನೂ ತೆಗೆಯಿರಿ. ಕಂಪ್ಯೂಟರ್ ಶಟ್‌ಡೌನ್ ಮಾಡ್ಬೇಡಿ, ರ್‍ಯಾಮ್‌ನಲ್ಲಿ, ಅಂದ್ರೆ ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಲ್ಲಿ ಇರುವ ಸಾಕ್ಷಿ ಕರೆಂಟ್ ಹೋದ ಕೂಡ್ಲೆ ಅಳಿಸಿಹೋಗ್ತದೆ. ಆದ್ರೆ ಕಣ್ಣೆದುರೇ ಫೈಲುಗಳು ಒಂದೊಂದಾಗಿ ಲಾಕ್ ಆಗ್ತಾ ಇದ್ರೆ ಸಾಕ್ಷಿ ಎಲ್ಲ ಆಮೇಲೆ, ಪ್ಲಗ್ಗೇ ಎಳೀರಿ. ಸ್ಕ್ರೀನಿನ ಫೋಟೋ ಮೊಬೈಲಲ್ಲಿ ತೆಗೆದು, ಎಷ್ಟು ಗಂಟೆಗೆ ಯಾರು ಎಂತ ನೋಡಿದ್ರು ಎಂತ ಮುಟ್ಟಿದ್ರು ಅಂತ ಒಂದು ಪುಸ್ತಕದಲ್ಲಿ ಬರೀತಾ ಹೋಗಿ.

ಮತ್ತೆ ಫೋನುಗಳು. ದುಡ್ಡೂ ಹೋಗಿದ್ರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮತ್ತು ಬ್ಯಾಂಕಿಗೆ ಆಗಿಂದಾಗ್ಲೇ ಹೇಳ್ಬೇಕು, ತಡ ಆದಷ್ಟು ದುಡ್ಡು ಅಕೌಂಟಿಂದ ಅಕೌಂಟಿಗೆ ಹಾರ್ತಾ ಇರ್ತದೆ. ಸೈಬರ್‌ಕ್ರೈಮ್ ಪೋರ್ಟಲಿನಲ್ಲಿ ದೂರು ಹಾಕುವಾಗ ರಾಜ್ಯ, ಜಿಲ್ಲೆ ಸರಿಯಾಗಿ ಆರಿಸಿ, ನಮ್ಮವರದ್ದು ಅಂಗಡಿ ಇಲ್ಲಿ ಕೇರಳದಲ್ಲಿ, ಸಿಮ್ಮೂ ಬ್ಯಾಂಕೂ ಕರ್ನಾಟಕದ ಮಂಗಳೂರಲ್ಲಿ ಅಂತ ಇರ್ತದಲ್ಲ. ಕಂಪನಿ, ಸರಕಾರಿ ಆಫೀಸು ಆದ್ರೆ ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ, ವಿಷಯ ಗೊತ್ತಾದ 6 ಗಂಟೆಯೊಳಗೆ ತಿಳಿಸ್ಬೇಕು ಅಂತ 2022ರ ಏಪ್ರಿಲಿನ ಆದೇಶವೇ ಉಂಟು.

ಈಗ ಬಾಗಿಲು ಹುಡುಕುವ ಕೆಲಸ, ಇದಕ್ಕೆ ಸ್ವಲ್ಪ ತಾಳ್ಮೆ ಬೇಕು. ವಿಂಡೋಸ್‌ನಲ್ಲಿ ಇವೆಂಟ್ ವ್ಯೂವರ್ ಅಂತ ಉಂಟು, ಅದರೊಳಗೆ ಸೆಕ್ಯುರಿಟಿ ಲಾಗ್, ಅಂದ್ರೆ ಯಾರು ಯಾವಾಗ ಹೊಕ್ಕರು ಅನ್ನುವ ದಾಖಲೆ. ಅಲ್ಲಿ ಪ್ರತಿ ಘಟನೆಗೂ ಒಂದು ನಂಬರ್ ಇರ್ತದೆ, 4625 ಅಂದ್ರೆ ಪಾಸ್‌ವರ್ಡ್ ತಪ್ಪಿದ ಲಾಗಿನ್, 4624 ಅಂದ್ರೆ ಒಳಗೆ ಹೋದ ಲಾಗಿನ್. ಅಂಗಡಿ ಮುಚ್ಚಿದ ಮೇಲೆ ರಾತ್ರಿ ಎರಡು ಗಂಟೆಗೆ 4625 ಸಾಲು ಸಾಲಾಗಿ ಬಂದು, ಕೊನೆಗೆ ಒಂದು 4624, ಅದರಲ್ಲಿ ಲಾಗಾನ್ ಟೈಪ್ 10 ಅಂತ ಇದ್ರೆ, ಹೊರಗಿಂದ ರಿಮೋಟ್ ಡೆಸ್ಕ್‌ಟಾಪಲ್ಲಿ (ದೂರದಿಂದ ಕಂಪ್ಯೂಟರ್ ನಡೆಸುವ ಸೌಲಭ್ಯ) ಪಾಸ್‌ವರ್ಡ್ ಊಹಿಸಿ ಹೊಕ್ಕಿದ್ದಾನೆ ಅಂತ ಲೆಕ್ಕ. ಅಕೌಂಟೆಂಟ್ ಮನೆಯಿಂದ ಟ್ಯಾಲಿ ನೋಡ್ಲಿ ಅಂತ ರೂಟರಿನಲ್ಲಿ 3389 ಪೋರ್ಟ್, ಅಂದ್ರೆ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲು, ತೆರೆದಿಟ್ಟ ಕಡೆಯಲ್ಲಿ ಹೆಚ್ಚಾಗಿ ಇದೇ ಕಥೆ. 1102 ಕಂಡ್ರೆ ಯಾರೋ ಲಾಗನ್ನೇ ಅಳಿಸಿದ್ದಾರೆ. ಲಾಗ್ ತುಂಬಿದ್ರೆ ಹಳತು ತಾನಾಗಿ ಹೋಗ್ತದೆ, ಹಾಗಾಗಿ ಬೇಗ ಒಂದು ಪೆನ್‌ಡ್ರೈವಿಗೆ ಕಾಪಿ ಮಾಡಿಡಿ. ಆ ಪೆನ್‌ಡ್ರೈವ್ ಮತ್ತೆ ಬೇರೆ ಕೆಲಸಕ್ಕೆ ಬೇಡ.

ದುಡ್ಡು ಕೊಡ್ಬೇಕಾ ಅಂತ ಕೇಳ್ತಾರೆ. ಬೇಡ ಅಂತಲೇ ನಾನು ಹೇಳುವುದು. 2021ರಲ್ಲಿ ಅಮೆರಿಕದ ಇಂಧನ ಸಾಗಿಸುವ ಕಂಪನಿ ಕಲೋನಿಯಲ್ ಪೈಪ್‌ಲೈನ್ 75 ಬಿಟ್‌ಕಾಯಿನ್ ಕೊಟ್ಟಿತು, ಫೈಲ್ ಬಿಡಿಸ್ಲಿಕ್ಕೆ ಸಿಕ್ಕಿದ ಕೀಲಿ ಎಷ್ಟು ನಿಧಾನ ಅಂದ್ರೆ ತಮ್ಮ ಬ್ಯಾಕಪ್ಪನ್ನೇ ನಂಬಬೇಕಾಯ್ತು. ನೋ ಮೋರ್ ರಾನ್ಸಮ್ ಅನ್ನುವ ಸೈಟಿನಲ್ಲಿ ಕೆಲವು ರಾನ್ಸಮ್‌ವೇರಿಗೆ ಫ್ರೀ ಕೀಲಿ ಸಿಗ್ತದೆ, ಇವತ್ತು ಇಲ್ಲದ್ದು ಮುಂದೆ ಬಂದರೂ ಬರಬಹುದು. ಅದಕ್ಕೇ ಹಳೇ ಡಿಸ್ಕನ್ನು ಕಳಚಿ ದಿನಾಂಕ ಬರೆದು ಕಪಾಟಿನಲ್ಲಿಟ್ಟು, ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿಸಿ.

ಪಾಸ್‌ವರ್ಡ್ ಎಲ್ಲ ಬದಲಿಸಿ, ಆದ್ರೆ ಸೋಂಕು ಇಲ್ಲದ ಬೇರೆ ಸಿಸ್ಟಮಿನಿಂದ. ರಿಮೋಟ್ ಪೋರ್ಟ್ ಮುಚ್ಚಿ. ಗುರುತಿಲ್ಲದ ಯೂಸರ್ ಅಕೌಂಟ್ ಉಳಿದ ಕಂಪ್ಯೂಟರುಗಳಲ್ಲಿ ಉಂಟಾ ನೋಡಿ. ಬ್ಯಾಕಪ್ ಹಾಕುವಾಗ ಒಂದು ಸೂಕ್ಷ್ಮ: ಚೀಟಿ ಕಂಡದ್ದು ಸೋಮವಾರ ಆದರೂ ಅವನು ಹೊಕ್ಕಿದ್ದು ಹಿಂದಿನ ವಾರವೇ ಇರಬಹುದು, ಹಾಗಾಗಿ ಲಾಗಿನಲ್ಲಿ ಸಿಕ್ಕಿದ ದಿನಕ್ಕಿಂತ ಹಿಂದಿನ ಬ್ಯಾಕಪ್ ತಗೊಳ್ಳಿ.

ಎಲ್ಲ ಸರಿ ಆದ ವಾರದೊಳಗೆ, ಮೊದಲ ದಿನದಿಂದ ಬರೆದಿಟ್ಟ ಆ ಪುಸ್ತಕ ಇಟ್ಕೊಂಡು ಎಲ್ಲರೂ ಒಮ್ಮೆ ಕೂತು ಮಾತಾಡಿ. ಗೊತ್ತಿಲ್ಲದೆ ಕಳ್ಳನ ಲಿಂಕ್ ಒತ್ತಿದವರು ಯಾರಾದ್ರೂ ಇದ್ರೆ ಅವರಿಗೆ ಬೈಯ್ಯಲಿಕ್ಕೆ ಅಲ್ಲ, ಬೈದ್ರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ವಾನ್ನಕ್ರೈ ಅನ್ನುವ ರಾನ್ಸಮ್‌ವೇರ್ 2017ರ ಮೇ ತಿಂಗಳಲ್ಲಿ ವಯನಾಡಿನ ಪಂಚಾಯತ್ ಆಫೀಸಿಗೂ ಹೊಕ್ಕಿತ್ತು, ಅದನ್ನು ತಡೆಯುವ ಅಪ್‌ಡೇಟ್ ಮಾರ್ಚಲ್ಲೇ ಬಂದಿತ್ತು. ಅಪ್‌ಡೇಟ್ ಮುಂದೂಡುವುದು ನಿಲ್ಲಿಸಿ. ಬ್ಯಾಕಪ್ ಡಿಸ್ಕ್ ಕೆಲಸ ಆದ ಕೂಡ್ಲೆ ಕಳಚಿಡಿ, ತಿಂಗಳಿಗೊಮ್ಮೆ ಅದರಿಂದ ಒಂದು ಫೈಲ್ ವಾಪಸ್ ತೆಗೆದು ಓಪನ್ ಆಗ್ತದಾ ನೋಡಿ.