ನೈಟ್‌ಗೆ ಒಪ್ಪುವ ಮೊದಲು ಅಳೆದು ನೋಡಿದ್ದು ಹಗಲು ನಿದ್ದೆ

ನಾನು ನರ್ಸ್, ವಯಸ್ಸು 53. ಆರು ವರ್ಷ ಓಪಿಯಲ್ಲಿ (ಹೊರರೋಗಿ ವಿಭಾಗ) ಹಗಲು ಡ್ಯೂಟಿ ಮಾಡಿದ ಮೇಲೆ ವಾರ್ಡಿನ ನೈಟ್‌ಗೆ ಬರುತ್ತೀರಾ ಎಂಬ ಪ್ರಶ್ನೆ ಬಂತು. ‘ಆಗ್ತದೆ’ ಎಂದೋ ‘ಆಗ್ಲಿಕ್ಕಿಲ್ಲ’ ಎಂದೋ ಅಂದಾಜಿನಲ್ಲಿ ಹೇಳುವ ಬದಲು ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿದೆ. ಅದರ ಕ್ರಮವನ್ನು ಬರೆಯುತ್ತಿದ್ದೇನೆ. ಕಾಸರಗೋಡು, ಕುಂಬಳೆ, ಉಪ್ಪಳದಲ್ಲೇ ಕೆಲಸ ಮಾಡುವವರಿಗೂ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗಿಬರುವವರಿಗೂ ಇದು ಹೊಂದುತ್ತದೆ.

ರಾತ್ರಿ ಎಚ್ಚರ ಇರುವುದು ನಮಗೆ ದೊಡ್ಡ ಸಂಗತಿಯಲ್ಲ, ಹಳೇ ಅಭ್ಯಾಸ ಕೈಹಿಡಿಯುತ್ತದೆ. ಕೈಕೊಡುವುದು ಮರುದಿನದ ನಿದ್ದೆ. ವಯಸ್ಸಾದಂತೆ ದೇಹದ ಗಡಿಯಾರ ಮುಂದಕ್ಕೆ ಓಡುತ್ತದೆ: ಸಂಜೆ ಬೇಗ ತೂಕಡಿಕೆ, ಬೆಳಗ್ಗೆ ಬೇಗ ಎಚ್ಚರ. ಗಾಢ ನಿದ್ದೆಯ ಪಾಲೂ ಕಡಿಮೆಯಾಗುತ್ತದೆ. ಇಪ್ಪತ್ತೈದರಲ್ಲಿ ನೈಟ್ ಮುಗಿಸಿ ಒಂಬತ್ತಕ್ಕೆ ಮಲಗಿ ನಾಲ್ಕಕ್ಕೆ ಏಳುತ್ತಿದ್ದವರು ಈಗ ಹನ್ನೆರಡಕ್ಕೇ ಕಣ್ಣು ಬಿಡುತ್ತಾರೆ. ಮುಟ್ಟು ನಿಲ್ಲುವ ಕಾಲದ ಮೈಬಿಸಿ, ಬೆವರು ಇದ್ದರಂತೂ ಇನ್ನೂ ಬೇಗ.

ಪರೀಕ್ಷೆಗೆ ಸತತ ಎರಡು ರಾತ್ರಿ ಬೇಕು. ಒಂದು ರಾತ್ರಿಯನ್ನು ಯಾರು ಬೇಕಾದರೂ ದಾಟುತ್ತಾರೆ. ಡ್ಯೂಟಿಯ ಹಾಗೆಯೇ ರಾತ್ರಿ 8ರಿಂದ ಬೆಳಗ್ಗೆ 8ರ ತನಕ ಎಚ್ಚರ ಇರಬೇಕು. ಟಿವಿ ಮುಂದೆ ಕೂತದ್ದು ಲೆಕ್ಕಕ್ಕಿಲ್ಲ. ಗಂಟೆಗೊಮ್ಮೆ ಎದ್ದು ಹತ್ತು ನಿಮಿಷ ನಡೆಯಬೇಕು, ಚಾರ್ಟ್ ಬರೆದ ಹಾಗೆ ಏನಾದರೂ ಬರೆಯಬೇಕು. 10, 2, 4 ಮತ್ತು 6 ಗಂಟೆಗೆ ಬಿಪಿ ನೋಡಬೇಕು, ಶುಗರ್ ಇರುವವರು ಗ್ಲೂಕೋಮೀಟರ್ ಕೂಡ. 4 ಗಂಟೆಗೆ ಲೆಕ್ಕ ಮಾಡಬೇಕು. ಬಿಪಿ ಏರಿಸುವ ಔಷಧಿ ಡೋಪಮಿನ್ 200 ಮಿ.ಗ್ರಾಂ., ಸಲೈನ್ ಸೇರಿ ಒಟ್ಟು 50 ಮಿ.ಲೀ., ರೋಗಿಯ ತೂಕ 60 ಕೆ.ಜಿ., ಆರ್ಡರ್ ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 5 ಮೈಕ್ರೋಗ್ರಾಂ. ಔಷಧಿಯನ್ನು ನಿಧಾನಕ್ಕೆ ಒಳಬಿಡುವ ಸಿರಿಂಜ್ ಪಂಪ್ ಎಷ್ಟಕ್ಕೆ ಇಡುತ್ತೀರಿ? 1 ಮಿ.ಲೀ.ಯಲ್ಲಿರುವುದು 4,000 ಮೈಕ್ರೋಗ್ರಾಂ, ಗಂಟೆಗೆ ಬೇಕಾದದ್ದು 18,000, ಹಾಗಾಗಿ ಗಂಟೆಗೆ 4.5 ಮಿ.ಲೀ. ತೂಕ, ಡೋಸ್ ಬದಲಿಸಿ ಇಂಥ ಐದು ಲೆಕ್ಕಗಳನ್ನು ಮಧ್ಯಾಹ್ನ ಒಮ್ಮೆ, ಬೆಳಗಿನ ಜಾವ ಒಮ್ಮೆ ಮಾಡಿ ನೋಡಿ. ಮೈಯ ಉಷ್ಣತೆ ಅತಿ ಕೆಳಗಿಳಿಯುವ ಹೊತ್ತು ಅದು, ನಿಧಾನವಾಗುವುದು ಸಹಜ. ತಪ್ಪು ಉತ್ತರ ಬರೆದು ಅದೇ ಸರಿ ಎಂದು ಗಟ್ಟಿಯಾಗಿ ಅನ್ನಿಸಿದರೆ ಮಾತ್ರ ಅಲ್ಲೇ ನಿಲ್ಲಿಸಿ ಯೋಚಿಸಬೇಕು.

ನಿಜವಾದ ಪರೀಕ್ಷೆ ಮರುದಿನದ್ದು. ಅಲಾರಂ ಇಡದೆ ಮಲಗಿ, ಮಲಗಿದ ಹೊತ್ತು, ಎದ್ದ ಹೊತ್ತು ಬರೆದಿಡಬೇಕು. ನಾನು ಹಾಕಿಕೊಂಡ ಗೆರೆ: ಒಂದೇ ಬಾರಿಗೆ 5 ಗಂಟೆ, ಸಂಜೆಯ ಮಲಗುವಿಕೆ ಸೇರಿ ಆರೂವರೆ. ಮೊದಲ ಸಲ ಸಿಕ್ಕಿದ್ದು 3 ಗಂಟೆ 40 ನಿಮಿಷ.

ಕಾರಣ ಹುಡುಕಿದರೆ ವಯಸ್ಸಿಗಿಂತ ಕೋಣೆಯದ್ದೇ ಹೆಚ್ಚು ಪಾಲು. ಹಂಚಿನ ಮಾಡಿಗೆ ಬೆಳಕಿಗೆಂದು ಹಾಕಿದ ಒಂದು ಗಾಜಿನ ಹಂಚು, ಹನ್ನೊಂದು ಗಂಟೆಗೆ ಸರಿಯಾಗಿ ಬಿಸಿಲನ್ನು ತಲೆದಿಂಬಿನ ಮೇಲೆಯೇ ಇಳಿಸುತ್ತಿತ್ತು. ಅದರ ಅಡಿಗೆ ದಪ್ಪ ರಟ್ಟು ಕಟ್ಟಿದೆ, ಕಿಟಕಿಗೆ ಕಪ್ಪು ಬಟ್ಟೆ ಎರಡು ಪದರ ಹಾಕಿದೆ, ಮಂಚವನ್ನು ಅಡುಗೆಮನೆಯ ಗೋಡೆಯಿಂದ ದೂರ ಎಳೆದೆ. ಒಂಬತ್ತೂವರೆಗೆ ಬರುವ ಮೀನಿನ ಸ್ಕೂಟರಿನ ಹಾರ್ನ್ ನಿಲ್ಲಿಸಲು ಆಗುವುದಿಲ್ಲ. ಸ್ಪಂಜಿನ ಇಯರ್‌ಪ್ಲಗ್ ಹಾಕಿ, ಟೇಬಲ್ ಫ್ಯಾನನ್ನು ಗೋಡೆಗೆ ಮುಖ ಮಾಡಿ ಇಟ್ಟರೆ ಅದರ ಒಂದೇ ಸಮನಾದ ಸದ್ದು ಉಳಿದದ್ದನ್ನು ಮುಚ್ಚುತ್ತದೆ. ಕರೆಂಟು ಹೋಗುವ ದಿನಗಳಿಗೆ ಚಾರ್ಜ್ ಆಗುವ ಫ್ಯಾನ್ ಬೇಕು. ಎರಡನೇ ಸಲ 5 ಗಂಟೆ 20 ನಿಮಿಷ ಬಂತು. ಇದು ಸೆಪ್ಟೆಂಬರ್ ಮಾತು. ಜುಲೈಯ ಜಡಿಮಳೆಯಲ್ಲಿ ಪರೀಕ್ಷೆ ಮಾಡಿ ಒಪ್ಪಿಕೊಂಡವರು ಏಪ್ರಿಲ್ ಸೆಕೆಯಲ್ಲಿ ಬೇಸ್ತು ಬೀಳುತ್ತಾರೆ.

ಸತತ ಎರಡೇ ನೈಟ್ ಇರುವಾಗ ದೇಹವನ್ನು ಪೂರ್ತಿ ರಾತ್ರಿಗೆ ತಿರುಗಿಸುವ ಸಾಹಸ ಬೇಡ. ಮೊದಲ ನೈಟ್‌ಗೆ ಮುಂಚೆ ಮಧ್ಯಾಹ್ನ 3ರಿಂದ ಒಂದೂವರೆ ಗಂಟೆ ನಿದ್ದೆ. ಮೊದಲ ನೈಟ್ ಮುಗಿಸಿ ಬಂದು 9ರಿಂದ ಆದಷ್ಟು ಹೊತ್ತು. ಎರಡನೆಯದು ಮುಗಿದ ಮೇಲೆ 9ರಿಂದ 12ರ ತನಕ ಮಾತ್ರ, ಆಮೇಲೆ ಎದ್ದು ಓಡಾಡಿ ರಾತ್ರಿ ಒಂಬತ್ತಕ್ಕೆ ಮಲಗಿಬಿಡುವುದು. ಆ ದಿನ ಸಂಜೆವರೆಗೆ ಮಲಗಿದರೆ ಮುಂದಿನ ಮೂರು ರಾತ್ರಿ ಹಾಳು.

ಕಾಪಿ, ಚಹಾ ರಾತ್ರಿ 2 ಗಂಟೆಗೆ ಕೊನೆ. ಕೆಫೀನ್ ಅರ್ಧ ಇಳಿಯಲು ಐದಾರು ಗಂಟೆ ಹಿಡಿಯುತ್ತದೆ. ಊಟ ಹೊರಡುವ ಮೊದಲೇ ಮುಗಿಸಿ, ಹನ್ನೆರಡೂವರೆಗೆ ಒಂದು ಬಟ್ಟಲು ಗಂಜಿ, ಹೆಸರುಕಾಳಿನ ಪಲ್ಯ. ಕ್ಯಾಂಟೀನಿನ ಪೊರೋಟ ನಾಲ್ಕು ಗಂಟೆಯ ತೂಕಡಿಕೆಯನ್ನು ಇಮ್ಮಡಿ ಮಾಡುತ್ತದೆ.

ಮಾತ್ರೆಗಳ ಹೊತ್ತನ್ನು ನೀವೇ ಬದಲಿಸಬೇಡಿ, ಡ್ಯೂಟಿ ಲಿಸ್ಟನ್ನೇ ಹಿಡಿದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ. ಗ್ಲಿಮೆಪಿರೈಡ್‌ನಂಥ ಶುಗರಿನ ಮಾತ್ರೆ ನುಂಗಿ ಊಟ ತಪ್ಪಿಸಿ ಹಗಲು ಮಲಗಿದರೆ ಶುಗರ್ ಇಳಿದದ್ದು ನಿದ್ದೆಯಲ್ಲಿ ಗೊತ್ತಾಗುವುದಿಲ್ಲ. 70ಕ್ಕಿಂತ ಕೆಳಗೆ ಬಂದರೆ 15 ಗ್ರಾಂ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ನೋಡುವುದು. ರೋಗಿಗಳಿಗೆ ದಿನಾ ಹೇಳುವ ಈ ಮಾತು ನಮ್ಮ ಚೀಲದಲ್ಲೂ ಇರಲಿ. ಥೈರಾಯ್ಡ್ ಮಾತ್ರೆಗೆ ಖಾಲಿ ಹೊಟ್ಟೆ ಬೇಕು. ನಾನು ಡಾಕ್ಟರನ್ನು ಕೇಳಿಕೊಂಡೇ ನೈಟ್ ಇರಲಿ, ಇಲ್ಲದಿರಲಿ, ಬೆಳಗ್ಗೆ 6ಕ್ಕೆ ಇಟ್ಟುಕೊಂಡೆ. ಕ್ಯಾಲ್ಸಿಯಂ ಮಾತ್ರೆಗೆ ಅದರಿಂದ ನಾಲ್ಕು ಗಂಟೆ ದೂರ.

ಕಣ್ಣಿನ ವಿಷಯ ಯಾರೂ ಎತ್ತುವುದಿಲ್ಲ. ವಯಸ್ಸಾದ ಕಣ್ಣಿಗೆ ಮಂದ ಬೆಳಕು ಸಾಲದು. ಅಡ್ರಿನಲಿನ್ ಮತ್ತು ಅಟ್ರೋಪಿನ್, ಎರಡೂ 1 ಮಿ.ಲೀ.ಯ ಪುಟ್ಟ ಗಾಜಿನ ಆ್ಯಂಪ್ಯೂಲ್, ಅಕ್ಷರ ಸಾಸಿವೆಯಷ್ಟು. ವಾರ್ಡಿನ ನೈಟ್‌ಲ್ಯಾಂಪಿನಡಿ ಓದಲು ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಓದುವ ಕನ್ನಡಕ ಕೊರಳಲ್ಲಿ, ಪೆನ್ ಟಾರ್ಚ್ ಜೇಬಲ್ಲಿ. ಇನ್ಸುಲಿನ್‌ನದ್ದು ಇನ್ನೂ ಸೂಕ್ಷ್ಮ. ಮಿ.ಲೀ.ಗೆ 40 ಯೂನಿಟ್‌ನ ವಯಲ್‌ಗೆ ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್‌ನದ್ದಕ್ಕೆ ಕಿತ್ತಳೆ. 100ರ ಇನ್ಸುಲಿನ್ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದರೆ ರೋಗಿಗೆ ಹೋಗುವುದು ಎರಡೂವರೆ ಪಟ್ಟು. ಕೆಂಪು, ಕಿತ್ತಳೆ ಬಣ್ಣಗಳು ನಾಲ್ಕು ಗಂಟೆಗೆ ಒಂದೇ ಥರ ಕಾಣುತ್ತವೆ. ಬಣ್ಣ ನಂಬದೆ ಸಂಖ್ಯೆ ಓದಿ.

ಗಡಿಯ ವಾರ್ಡಿನಲ್ಲಿ ಭಾಷೆಯೂ ದಣಿಯುತ್ತದೆ. ತುಳು, ಕನ್ನಡ, ಮಲಯಾಳ, ಬ್ಯಾರಿ ಹಗಲು ಸಲೀಸು. ಬೆಳಗಿನ ಜಾವ ನಮ್ಮದಲ್ಲದ ಭಾಷೆಯ ಮಾತು ಅರ್ಧ ಮಾತ್ರ ಕಿವಿಗೆ ಬೀಳುತ್ತದೆ. ಮಲಯಾಳದ ‘ನೆಂಜೆರಿಚ್ಚಿಲ್’ ಅಂದರೆ ಎದೆಯುರಿ ಎಂದು ಗ್ಯಾಸಿನ ಮಾತ್ರೆ ಕೊಟ್ಟು ಸುಮ್ಮನಾಗಬಾರದು. ವಯಸ್ಸಾದವರು, ಶುಗರಿನವರು ಹೃದಯಾಘಾತವನ್ನೂ ಹಾಗೆಯೇ ಹೇಳುತ್ತಾರೆ. ಡಾಕ್ಟರಿಗೆ ತಿಳಿಸಿ, ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಫೋನ್ ಆರ್ಡರಿನಲ್ಲಿ ‘ಫಿಫ್ಟೀನ್’, ‘ಫಿಫ್ಟಿ’ ಬೇಡ. ‘ಒನ್ ಫೈವ್’, ‘ಫೈವ್ ಜೀರೋ’ ಎಂದು ತಿರುಗಿ ಹೇಳಿ ಖಚಿತ ಮಾಡಿಕೊಳ್ಳಿ.

ವಾಪಸ್ ಬರುವ ದಾರಿ. ಬೆಳಗ್ಗೆ 6ಕ್ಕೆ ಎದ್ದವರು ಮಧ್ಯಾಹ್ನ ಮಲಗದೆ ನೈಟ್‌ಗೆ ಹೋದರೆ ಮರುದಿನ 8ಕ್ಕೆ 26 ಗಂಟೆ ಎಚ್ಚರ ಇದ್ದ ಹಾಗಾಯಿತು. 17 ಗಂಟೆ ಎಚ್ಚರವಿದ್ದರೇ ಗ್ರಹಿಕೆ ರಕ್ತದಲ್ಲಿ ಶೇ. 0.05 ಮದ್ಯ ಇದ್ದವರ ಮಟ್ಟಕ್ಕೆ ಬರುತ್ತದೆ. ನಮ್ಮ ಕಾನೂನಿನ ಮಿತಿ 0.03. ಹೆದ್ದಾರಿ 66ರಲ್ಲಿ ಸ್ಕೂಟರ್ ಬೇಡ ಮಾರಾಯ್ರೇ, ಬಸ್ಸು ಹಿಡಿಯಿರಿ. ಬಸ್ಸಿನಲ್ಲಿ ಬರುವವರು ಕಪ್ಪು ಕನ್ನಡಕ ಹಾಕಿದರೆ ಮನೆಗೆ ಬಂದ ಮೇಲಿನ ನಿದ್ದೆಗೆ ಅನುಕೂಲ. ಅದನ್ನೇ ಸ್ಕೂಟರ್ ಓಡಿಸುತ್ತ ಹಾಕಿದರೆ ಇದ್ದ ಎಚ್ಚರವೂ ಹೋಗುತ್ತದೆ.

ಹಣದ ಲೆಕ್ಕ ಸಣ್ಣದು: ನೈಟ್ ಅಲೊವೆನ್ಸಿನಿಂದ ಆಟೋ ಖರ್ಚು, ಮನೆಗೆಲಸಕ್ಕೆ ಕೊಡುವ ಸಂಬಳ ಕಳೆದು ಉಳಿದದ್ದೆಷ್ಟು ಎಂದು ಕಾಗದದಲ್ಲಿ ಬರೆದು ನೋಡಿ. ಗಡಿ ದಾಟುವವರು ಕರ್ನಾಟಕದ ನರ್ಸಿಂಗ್ ಕೌನ್ಸಿಲ್ ನೋಂದಣಿಯನ್ನೂ ನೋಡಿಕೊಳ್ಳಬೇಕು.

ಕರಾರು ಬಾಯಿಮಾತಲ್ಲಿ ಬೇಡ. ಇನ್‌ಚಾರ್ಜ್ ಸಿಸ್ಟರಿಗೆ ಕೊಟ್ಟ ಪತ್ರದಲ್ಲಿ ನಾನು ಕೇಳಿದ್ದು: ಸತತ ಎರಡಕ್ಕಿಂತ ಹೆಚ್ಚು ನೈಟ್ ಇಲ್ಲ, ಮಾರ್ನಿಂಗ್, ಆಫ್ಟರ್‌ನೂನ್, ನೈಟ್ ಇದೇ ಕ್ರಮದಲ್ಲಿ ಸರದಿ, ಉಲ್ಟಾ ಅಲ್ಲ, ನೈಟ್ ಇಳಿದ ದಿನ ಬಿಟ್ಟು ಇನ್ನೊಂದು ಪೂರ್ತಿ ಆಫ್, ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್‌ನಂಥ ಅಪಾಯದ ಔಷಧಿ ಕೊಡುವ ಮೊದಲು ಇನ್ನೊಬ್ಬರ ಕಣ್ಣು, 2ರಿಂದ 4ರೊಳಗೆ 20 ನಿಮಿಷ ಕಣ್ಣು ಮುಚ್ಚಲು ಜಾಗ. 20 ನಿಮಿಷ ದಾಟಿದರೆ ಎದ್ದ ಮೇಲಿನ ಮಂಪರು ಇಳಿಯಲು ಅಷ್ಟೇ ಹೊತ್ತು ಬೇಕು. ನೈಟ್ ಇಳಿದು ಮಲಗುವ ದಿನವನ್ನೇ ‘ಆಫ್’ ಎಂದು ಎಣಿಸುವ ಚಾಳಿಗೆ ಒಪ್ಪಲೇಬೇಡಿ. ಇನ್ನೊಂದು: ಹಿರಿಯರೆಂದು ‘ತಣ್ಣಗಿನ’ ವಾರ್ಡ್ ಕೊಡುತ್ತಾರೆ. ನನ್ನ ಮಟ್ಟಿಗೆ ಅದೇ ಕಷ್ಟ. ಮೂರರಿಂದ ಐದರ ತನಕ ಕೆಲಸವಿಲ್ಲದೆ ಕೂರಬೇಕು, ಯಾರಾದರೂ ಬಿದ್ದರೆ ಎತ್ತಲು ಒಬ್ಬರೇ. ಸಾಧಾರಣ ಕೆಲಸವಿರುವ, ಇಬ್ಬರು ಸಿಸ್ಟರ್‌ಗಳಿರುವ ವಾರ್ಡ್ ಮೇಲು.

ವರ್ಷಗಟ್ಟಲೆಯ ನೈಟ್‌ನ ವಿಷಯವೇ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ, ಮತ್ತೆ 2019ರಲ್ಲಿ ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಂಭವವಿರುವ ವರ್ಗಕ್ಕೆ ಸೇರಿಸಿದೆ. ಹಾಗಾಗಿ ನಾನು ಕೊಟ್ಟ ಒಪ್ಪಿಗೆ ಮೂರು ತಿಂಗಳಿಗೆ ಮಾತ್ರ, ಮುಗಿಯುವ ತಾರೀಕು ಬರೆದೇ. ಮೂರು ತಿಂಗಳ ಸಕ್ಕರೆಯ ಸರಾಸರಿ ಎಚ್‌ಬಿಎ1ಸಿ ರಕ್ತಪರೀಕ್ಷೆಯಲ್ಲಿ ಸಿಗುವುದರಿಂದ ಅವಧಿಗೂ ಅದು ಸರಿಹೊಂದುತ್ತದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಲ್ಲಿಸುವ ಗುರುತುಗಳಿವೆ: ಮನೆಯ ಬಿಪಿ ಪದೇ ಪದೇ 135/85 ದಾಟಿದರೆ, ಎಚ್‌ಬಿಎ1ಸಿ ಅರ್ಧ ಅಂಶ ಏರಿದರೆ, ಮೊದಲ ನೈಟ್ ಮುಗಿಸಿದ ಮೇಲಿನ ಹಗಲು ನಿದ್ದೆ ಸತತ ಮೂರು ಸಲ 5 ಗಂಟೆಗಿಂತ ಕಡಿಮೆಯಾದರೆ, ಔಷಧಿಯ ಒಂದೇ ಒಂದು ತಪ್ಪು ಆಗಲಿದ್ದದ್ದು ಕೊನೆಗಳಿಗೆಯಲ್ಲಿ ತಪ್ಪಿದರೂ.

ಅವಧಿ ಮುಗಿದ ಮೇಲೆ ಬರೆದುಕೊಟ್ಟ ಎರಡನೇ ಪತ್ರದಲ್ಲಿರುವುದು: ತಿಂಗಳಿಗೆ ನಾಲ್ಕು ನೈಟ್, ಎರಡೆರಡಾಗಿ, ಮಾರ್ಚ್‌ನಿಂದ ಮೇ ತನಕ ಒಂದೂ ಇಲ್ಲ.