ಮ್ಯಾಕ್ಯುಲಾ: ಎಲ್ಲರ ಕಣ್ಣಲ್ಲೂ ಇರುವ ಚುಕ್ಕೆ

ಕಣ್ಣಿನ ರಿಪೋರ್ಟಿನಲ್ಲಿ 'ಮ್ಯಾಕ್ಯುಲಾ' ಅಂತ ಕಂಡರೆ ಸಾಕು, ಅದೇ ಕಾಯಿಲೆಯ ಹೆಸರು ಅಂದುಕೊಂಡು ಜನ ಗಾಬರಿಯಾಗುತ್ತಾರೆ. ಕಣ್ಣು ತಪಾಸಣೆ ನನ್ನ ಕೆಲಸ. ಸುಮ್ನೆ "ಏನಿಲ್ಲ ಬಿಡಿ" ಅಂದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಹಾಗಾಗಿ ನಾನೇ ಈ ಪದದ ಬೆನ್ನು ಹತ್ತಿದೆ.

ಲ್ಯಾಟಿನ್‌ನಲ್ಲಿ ಮ್ಯಾಕ್ಯುಲಾ ಅಂದರೆ ಚುಕ್ಕೆ, ಕಲೆ. ಬಟ್ಟೆಗೆ ಹತ್ತಿದ ಕಲೆಗೂ ಅದೇ, ಹೆಸರಿಗೆ ಹತ್ತಿದ ಕಳಂಕಕ್ಕೂ ಅದೇ. ಬಲೆಯ ಕಣ್ಣಿಗೂ ಅದೇ ಪದವಿತ್ತು!

ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವೇ ರೆಟಿನಾ. ಅದರ ನಡುವಿನ ಭಾಗಕ್ಕೆ ಪೂರ್ತಿ ಹೆಸರು ಮ್ಯಾಕ್ಯುಲಾ ಲೂಟಿಯಾ, ಅಂದರೆ ಹಳದಿ ಚುಕ್ಕೆ. ಅಗಲ ಸುಮಾರು 5.5 ಮಿಲಿಮೀಟರ್. ನನ್ನನ್ನು ಜಾಸ್ತಿ ಕಾಡಿದ್ದು ಈ 'ಹಳದಿ'. ದಿನಾ ನಾನು ನೋಡುವ ಜೀವಂತ ಕಣ್ಣಿನಲ್ಲಿ ಆ ಜಾಗ ಕಡುಗೆಂಪಾಗಿ ಕಾಣುತ್ತದೆ, ಹಿಂದಿನ ಪದರದ ರಕ್ತ ಮತ್ತು ಕಪ್ಪು ಬಣ್ಣದಿಂದ. ಹೆಸರಿನ ಕಾಲ ನೋಡಿದಾಗ ಗಂಟು ಬಿಚ್ಚಿತು. ಇಟಲಿಯ ವೈದ್ಯ ಬುಜ್ಜಿ ಇದನ್ನು ಕಂಡಿದ್ದು 1782ರಲ್ಲಿ, ಜರ್ಮನಿಯ ವೈದ್ಯ ಸಮ್ಮರಿಂಗ್ 1791ರಲ್ಲಿ. ಜೀವಂತ ಕಣ್ಣಿನೊಳಗೆ ನೋಡುವ, ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್‌ರ ಉಪಕರಣ ಪ್ರಕಟವಾಗಿದ್ದು 1851ರಲ್ಲಿ. ಅಂದರೆ ಅವರಿಬ್ಬರೂ ನೋಡಿದ್ದು ಸತ್ತವರ ಕಣ್ಣನ್ನು ಬಿಡಿಸಿ. ಸತ್ತ ಮೇಲೆ ರೆಟಿನಾ ಮಸುಕಾಗುತ್ತದೆ, ಹಳದಿ ಎದ್ದು ಕಾಣುತ್ತದೆ. ಆ ಬಣ್ಣ ಲ್ಯೂಟೀನ್, ಝಿಯಾಕ್ಸಾಂಥಿನ್ ಎಂಬ ವಸ್ತುಗಳದು. ಇವನ್ನು ದೇಹ ತಾನೇ ತಯಾರಿಸಲಾರದು, ಸೊಪ್ಪು ತರಕಾರಿಯಂಥ ಆಹಾರದಿಂದಲೇ ಬರಬೇಕು.

ಈ ಹೆಸರು ಕಣ್ಣಿಗಷ್ಟೇ ಅಲ್ಲ. ಒಳಗಿವಿಯಲ್ಲಿ ತಲೆಯ ವಾಲಿಕೆ ಗುರುತಿಸುವ ಮ್ಯಾಕ್ಯುಲಾ ಇದೆ. ಮೂತ್ರಪಿಂಡದಲ್ಲಿ ಉಪ್ಪಿನ ಅಂಶ ಅಳೆಯುವ ಮ್ಯಾಕ್ಯುಲಾ ಡೆನ್ಸಾ ಇದೆ. ಇವೆಲ್ಲ ಆರೋಗ್ಯವಂತ ದೇಹದ ಭಾಗಗಳೇ.

ತೊಡಕಿರುವುದು ಕಾರ್ನಿಯಾದಲ್ಲಿ. ಕಣ್ಣಿನ ಮುಂದಿನ ಆ ಪಾರದರ್ಶಕ ಪದರದಲ್ಲಿ ಗಾಯ ಮಾಗಿ ಉಳಿದ ಕಲೆ ತೆಳುವಾಗಿದ್ದರೆ ನೆಬ್ಯುಲಾ, ಸ್ವಲ್ಪ ದಟ್ಟವಾದರೆ ಮ್ಯಾಕ್ಯುಲಾ, ಪೂರ್ತಿ ಬೆಳ್ಳಗಾದರೆ ಲ್ಯೂಕೋಮಾ. ಇಲ್ಲಿ ಮ್ಯಾಕ್ಯುಲಾ ನಿಜವಾಗಿಯೂ ಕಲೆ. ಅದಕ್ಕೇ ರಿಪೋರ್ಟ್ ಕೈಗೆ ಬಂದಾಗ ಯಾವ ಪದರದ ಮಾತು ಅಂತ ನಾನು ಮೊದಲು ನೋಡುತ್ತೇನೆ.

ರೆಟಿನಾದ್ದಾದರೆ ಫೋಟೋ ತೆರೆದು ಆ ಕಡುಗೆಂಪು ಜಾಗದ ಮೇಲೆ ಬೆರಳಿಡುತ್ತೇನೆ. "ನೋಡಿ ಅಮ್ಮ, ಇದು ಎಲ್ಲರಿಗೂ ಇರುತ್ತೆ. ನೀವು ಓದೋದು, ಮುಖ ಗುರುತು ಹಿಡಿಯೋದು ಇದರಿಂದಲೇ." ಆಮೇಲೆ ಮ್ಯಾಕ್ಯುಲಾ ಜೊತೆ ಬರೆದಿರುವ ಪದ ಓದುತ್ತೇವೆ. ಎಡಿಮಾ ಅಂದರೆ ನೀರು ತುಂಬಿ ಊತ, ಹೋಲ್ ಅಂದರೆ ತೂತು, ಡಿಜನರೇಷನ್ ಅಂದರೆ ಸವೆತ. ಕಾಯಿಲೆ ಇರುವುದು ಆ ಪದದಲ್ಲಿ ಅಲ್ವಾ? ಅಂಥದ್ದೇನೂ ಬರೆದಿಲ್ಲದಿದ್ದರೂ ಒಂದು ಅಭ್ಯಾಸ ಹೇಳಿಕೊಡುತ್ತೇನೆ. ಒಂದೊಂದೇ ಕಣ್ಣು ಮುಚ್ಚಿ ಬಾಗಿಲಿನ ಚೌಕಟ್ಟು ನೋಡಿ. ನೇರ ಗೆರೆ ಬಾಗಿದಂತೆ ಕಂಡರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.